ಗಂಗೋತ್ರಿ ಎಷ್ಟು ಕರಗಿದೆ? ಮನೆಯಲ್ಲೇ ಕೂತು ಅಳೆಯಿರಿ

ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ಸಾಫ್ಟ್‌ವೇರ್. ಇಷ್ಟಿದ್ದರೆ ಸಾಕು, ಬೆಟ್ಟ ಹತ್ತಬೇಕಿಲ್ಲ. ಉತ್ತರಾಖಂಡದ ಗಂಗೋತ್ರಿ ಹಿಮನದಿಯನ್ನೇ ತೆಗೆದುಕೊಳ್ಳೋಣ. ಸುಮಾರು 30 ಕಿ.ಮೀ. ಉದ್ದ. ಭಾಗೀರಥಿ ಹೊರಬೀಳುವ ಗೋಮುಖವೇ ಇದರ ತುದಿ.

ಮೊದಲು ಚಿತ್ರ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 2008ರಿಂದ ಎಲ್ಲರಿಗೂ ಪುಕ್ಕಟೆ. ಸೆಪ್ಟೆಂಬರ್ ಕೊನೆಯದ್ದನ್ನೇ ಆರಿಸಿ. ನಾನು ಮೊದಲ ಸಲ ಮೋಡ ಇಲ್ಲ ಅಂತ ಮೇ ತಿಂಗಳ ಚಿತ್ರ ಹಿಡಿದು, ಚಳಿಗಾಲದಲ್ಲಿ ಬಿದ್ದ ಹಿಮವನ್ನೂ ಲೆಕ್ಕಕ್ಕೆ ಸೇರಿಸಿ, ಹಿಮನದಿ ಬೆಳೆದಿದೆ ಅಂತ ಖುಷಿಪಟ್ಟಿದ್ದೆ!

ಹಿಮ ಹಸಿರು ಬೆಳಕನ್ನು ವಾಪಸ್ ಕಳಿಸುತ್ತದೆ, ಕಣ್ಣಿಗೆ ಕಾಣದ ಶಾರ್ಟ್‌ವೇವ್ ಇನ್‌ಫ್ರಾರೆಡ್ ಕಿರಣಗಳನ್ನು ನುಂಗುತ್ತದೆ. ಚಿತ್ರದ ಪ್ರತಿ ಚುಕ್ಕೆಯಲ್ಲೂ ಹಸಿರಿನ ಅಂಕಿಯಿಂದ ಇನ್‌ಫ್ರಾರೆಡ್ ಅಂಕಿ ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಉತ್ತರ 0.4 ದಾಟಿದರೆ ಸಾಮಾನ್ಯವಾಗಿ ಅದು ಹಿಮ. ತೊಂದರೆ ಏನಪ್ಪಾ ಅಂದರೆ, ಗಂಗೋತ್ರಿಯ ಕೆಳಭಾಗದ ಮೇಲೆ ಕಲ್ಲು ಮಣ್ಣು ಹರಡಿದೆ, ಸೂತ್ರ ಅದನ್ನು ಬಂಡೆ ಅಂದುಕೊಳ್ಳುತ್ತದೆ. ಅಲ್ಲಿ ಮೌಸ್ ಹಿಡಿದು ಕೈಯಲ್ಲೇ ಗಡಿ ಎಳೆಯಬೇಕು. ಬೇಜಾರಿನ ಕೆಲಸ.

ತುದಿ ಎಷ್ಟು ಹಿಂದೆ ಸರಿಯಿತು ಅನ್ನುವುದೇ ಸುದ್ದಿಯಲ್ಲಿ ಜಾಸ್ತಿ. ಆದರೆ ಕಲ್ಲು ಹೊದ್ದ ಹಿಮನದಿ ಇದ್ದಲ್ಲೇ ತೆಳ್ಳಗಾಗುತ್ತಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಎತ್ತರದ ನಕ್ಷೆ ಬೇಕು. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರಾಡಾರ್‌ನಿಂದ ಮಾಡಿದ ಎಸ್‌ಆರ್‌ಟಿಎಂ ನಕ್ಷೆ ಒಂದು, 2011-15ರ ಅಳತೆಗಳಿಂದ ತಯಾರಾದ ಯುರೋಪಿನ ಕೋಪರ್ನಿಕಸ್ ನಕ್ಷೆ ಇನ್ನೊಂದು. ಹೊಸದರಿಂದ ಹಳೆಯದನ್ನು ಕಳೆಯಿರಿ.

ಕಳೆದ ಮೇಲೆ ಹಿಮನದಿಯನ್ನಲ್ಲ, ಪಕ್ಕದ ಬರೀ ಬಂಡೆಯನ್ನು ನೋಡಿ. ಬಂಡೆ ಕರಗಲ್ಲ ಅಲ್ವಾ? ಅಲ್ಲಿ ಸರಾಸರಿ ಸೊನ್ನೆಯ ಹತ್ತಿರ ಇರಬೇಕು. ಗುಡ್ಡದ ಒಂದು ಮಗ್ಗುಲು ಉಬ್ಬಿ ಇನ್ನೊಂದು ತಗ್ಗಿದ ಹಾಗೆ ಕಂಡರೆ ನಕ್ಷೆಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಅಂತ ಅರ್ಥ, ಸರಿಸಿ ಕೂರಿಸಿ. ಎಸ್‌ಆರ್‌ಟಿಎಂನ ರಾಡಾರ್ ಒಣ ಹಿಮದೊಳಗೆ ಕೆಲವು ಮೀಟರ್ ಇಳಿಯುತ್ತದೆ, ಹಾಗಾಗಿ ಹಳೆಯ ಎತ್ತರ ಇದ್ದದ್ದಕ್ಕಿಂತ ಕಡಿಮೆ ಕಂಡು ನಷ್ಟವೂ ಕಡಿಮೆ ಕಾಣುತ್ತದೆ. ಇದನ್ನು ಸುಮಾರು ಜನ ಮರೆತೇಬಿಡುತ್ತಾರೆ.

ಉಳಿದದ್ದು ಗುಣಾಕಾರ. ಒಂದು ಚದರ ಕಿ.ಮೀ. ಜಾಗ 10 ಮೀಟರ್ ಇಳಿದಿದ್ದರೆ 1 ಕೋಟಿ ಘನ ಮೀಟರ್. ಘನ ಮೀಟರಿಗೆ 850 ಕೆ.ಜಿ. ಹಿಡಿಯುವುದು ವಾಡಿಕೆ, ಅಂದರೆ 85 ಲಕ್ಷ ಟನ್. ನಡುವಿನ ವರ್ಷಗಳಿಂದ ಭಾಗಿಸಿ.

ಕೈ ಪಳಗಿದೆಯಾ ಅಂತ ನೋಡಬೇಕಿದ್ದರೆ ಹಿಮಾಚಲದ ಛೋಟಾ ಶಿಗ್ರಿ ಹಿಮನದಿಗೆ ಇದನ್ನೇ ಮಾಡಿ. ಅಲ್ಲಿ 2002ರಿಂದ ಮಂಜುಗಡ್ಡೆಗೆ ಕೋಲು ನೆಟ್ಟು ಅಳೆಯುತ್ತಿದ್ದಾರೆ. ನಿಮ್ಮ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಿ.