ಅಮೆರಿಕದ ಕನ್ನಡ ಕೂಟಗಳಲ್ಲಿ ಚುನಾವಣಾ ಸಂವಾದ: ಯಾವ ಅಭ್ಯರ್ಥಿಗಳನ್ನು ಕರೆಯಬೇಕು?

ನಿಮ್ಮ ಕನ್ನಡ ಕೂಟ 501(ಸಿ)(3) ಸಂಸ್ಥೆ, ಅಂದರೆ ಫೆಡರಲ್ ತೆರಿಗೆ ವಿನಾಯಿತಿ ಪಡೆದ ಲಾಭರಹಿತ ಸಂಸ್ಥೆ, ಆಗಿದ್ದರೆ ಚುನಾವಣೆಯಲ್ಲಿ ಯಾರ ಪರವೂ ನಿಲ್ಲುವಂತಿಲ್ಲ, ಯಾರನ್ನೂ ವಿರೋಧಿಸುವಂತಿಲ್ಲ. 1954ರಿಂದ ಇರುವ ಕಟ್ಟಳೆ ಇದು. ಅಭ್ಯರ್ಥಿಗಳ ಸಂವಾದ ನಡೆಸಲು ಮಾತ್ರ ಅಡ್ಡಿಯಿಲ್ಲ. ಎಡವಟ್ಟಾಗುವುದು ಹೆಚ್ಚಾಗಿ ಆಹ್ವಾನದ ಪಟ್ಟಿಯಲ್ಲೇ: ‘ನಮ್ಮವರು’ ಒಬ್ಬರು ನಿಂತಿದ್ದಾರೆಂದು ಮೊದಲು ಅವರನ್ನು ಕರೆದು, ಆಮೇಲೆ ಎದುರಾಳಿಯ ಫೋನ್ ನಂಬರ್ ಹುಡುಕುವುದು.

ಹೆಸರುಗಳನ್ನು ನೋಡುವ ಮುನ್ನವೇ ಯಾರನ್ನು ಕರೆಯಬೇಕೆಂಬ ಮಾನದಂಡ ಬರೆದು ಕಮಿಟಿ ಸಭೆಯ ನಡಾವಳಿಗೆ ಸೇರಿಸಿ. ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್ ಸ್ಥಾನಗಳಿಗೆ ಜನಮತ ಸಮೀಕ್ಷೆ ನಡೆಯುವುದೇ ಅಪರೂಪ, ಹಾಗಾಗಿ ಬೆಂಬಲದ ಅಂಕಿ ನೋಡಿ ಆರಿಸುವುದು ಕಷ್ಟ. ಮತಪತ್ರದಲ್ಲಿ ಹೆಸರಿರುವ ಎಲ್ಲರನ್ನೂ ಕರೆಯುವುದೇ ಕ್ಷೇಮ. ಪಟ್ಟಿಯನ್ನು ಸ್ಥಳೀಯ ಚುನಾವಣಾ ಕಚೇರಿಯಿಂದಲೇ ಪಡೆಯಿರಿ. ವಾಟ್ಸ್ಆ್ಯಪ್ ಗುಂಪಿನ ಮಾತು ನೆಚ್ಚಬೇಡಿ.

ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ (ಹೌಸ್ ಅಥವಾ ಸೆನೆಟ್) ಸ್ಥಾನವಾದರೆ ಫೆಡರಲ್ ಚುನಾವಣಾ ಆಯೋಗದ ನಿಯಮವೂ ಅನ್ವಯಿಸುತ್ತದೆ: ಚರ್ಚೆಯಲ್ಲಿ ಕನಿಷ್ಠ ಇಬ್ಬರು ಇರಬೇಕು, ಮಾನದಂಡ ಮೊದಲೇ ಗೊತ್ತುಪಡಿಸಿದ್ದಾಗಿರಬೇಕು. ನವೆಂಬರ್ ಚುನಾವಣೆಗೆ ‘ದೊಡ್ಡ ಪಕ್ಷದ ಟಿಕೆಟ್ ಇದ್ದವರು ಮಾತ್ರ’ ಎಂಬ ಒಂದೇ ಕಾರಣ ಸಾಲದು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಒಂದೇ ಪಕ್ಷದ ಆಕಾಂಕ್ಷಿಗಳಿಗಷ್ಟೇ ವೇದಿಕೆ ಕೊಡಬಹುದು. ಸಮೀಕ್ಷೆಯ ಅಂಕಿಯನ್ನೂ ಮಾನದಂಡವಾಗಿಸಬಹುದು; 2000ದಿಂದ 2020ರವರೆಗಿನ ಅಧ್ಯಕ್ಷೀಯ ಚರ್ಚೆಗಳಿಗೆ ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿಯಲ್ಲಿ ಶೇ. 15 ಬೆಂಬಲ ಬೇಕಿತ್ತು. ಕೂಟದ ಮಟ್ಟಕ್ಕೆ ಅದು ಅತಿಯಾಯಿತು.

ಆಹ್ವಾನ ಎಲ್ಲರಿಗೂ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಹೋಗಲಿ. ತಲಾ ಎಷ್ಟು ನಿಮಿಷ, ಪ್ರಶ್ನೆ ಯಾರದು, ಉತ್ತರಕ್ಕೆ ಕಡೆಯ ದಿನ ಯಾವುದು ಎಂಬುದೆಲ್ಲ ಅದರಲ್ಲಿರಲಿ. ಪ್ರತಿಗಳನ್ನು, ‘ಬರಲಾಗದು’ ಎಂದ ಉತ್ತರಗಳನ್ನೂ, ಜೋಪಾನವಾಗಿಡಿ. ದೂರು ಬಂದಾಗ ಕೈ ಹಿಡಿಯುವುದು ಅವೇ. ಒಬ್ಬರೇ ಒಪ್ಪಿದರೆ ಕಾರ್ಯಕ್ರಮ ಕೈಬಿಡುವುದು ಮೇಲು. ಖಾಲಿ ಕುರ್ಚಿ ಇಟ್ಟು ಗೈರಾದವರನ್ನು ಹಂಗಿಸಿದರೆ ಅದೇ ಪಕ್ಷಪಾತವಾದೀತು.

ಬೇರೆ ಬೇರೆ ದಿನ ಕರೆಯಬಹುದೇ? ಕರೆಯಬಹುದು, ಆದರೆ ಅವಕಾಶ ಸಮವಾಗಿರಬೇಕು. ಒಬ್ಬರಿಗೆ ತುಂಬಿದ ಸಭಾಂಗಣದ ರಾಜ್ಯೋತ್ಸವ, ಇನ್ನೊಬ್ಬರಿಗೆ ಹದಿನೈದು ಜನ ಸೇರುವ ಮಾಸಿಕ ಸಭೆ ಎಂದರೆ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಒಪ್ಪುವುದಿಲ್ಲ. ತಪ್ಪು ಸಾಬೀತಾದರೆ ತೆರಿಗೆ ವಿನಾಯಿತಿಯೇ ಹೋಗಬಹುದು. ಅದಕ್ಕೆ ಮಾಡಿದ ಖರ್ಚಿನ ಮೇಲೆ ಶೇ. 10 ದಂಡ ತೆರಿಗೆಯೂ ಬೀಳಬಹುದು.

ಮರುಚುನಾವಣೆಗೆ ನಿಂತ ಮೇಯರ್ ಅತಿಥಿಯಾಗಿ ಬಂದರೆ ‘ಮೇಯರ್’ ಎಂದಷ್ಟೇ ಪರಿಚಯಿಸಿ. ಸ್ಪರ್ಧೆಯ ಮಾತು ವೇದಿಕೆಯಲ್ಲೂ ಬೇಡ, ಆಮಂತ್ರಣ ಪತ್ರಿಕೆಯಲ್ಲೂ ಬೇಡ. ಕರಪತ್ರ ಹಂಚುವವರನ್ನು ಬಾಗಿಲಲ್ಲೇ ತಡೆಯಿರಿ.