ಒಂದು ದಿನದ ಕೆಲಸಕ್ಕೆ ಬೆಂಗಳೂರಿಗೆ ಹೋದರೆ ಊಟ ಎಲ್ಲಿ?

ಕಾಫಿ ಮಂಡಳಿ, ಹೈಕೋರ್ಟ್, ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್, ಮಕ್ಕಳ ಕಾಲೇಜು. ಏನಾದರೊಂದು ಕೆಲಸಕ್ಕೆ ಬೆಳಗಿನ ಜಾವ ಮಡಿಕೇರಿ ಬಿಟ್ಟು, ರಾತ್ರಿ ಬಸ್ಸಿಗೆ ವಾಪಸ್ ಹೊರಡುವವರು ನಮ್ಮಲ್ಲಿ ಬೇಕಾದಷ್ಟು ಜನ. ಕಾಗದಪತ್ರಗಳನ್ನು ಎರಡೆರಡು ಸಲ ನೋಡಿ ಜೋಡಿಸಿಕೊಳ್ಳುತ್ತಾರೆ. ಊಟದ ಮಾತು ಬಂದರೆ ಮಾತ್ರ ‘ಅಲ್ಲೇ ಎಲ್ಲಾದರೂ ಆಗುತ್ತೆ ಬಿಡಿ’. ಆಮೇಲೆ ಮೂರು ಗಂಟೆಗೆ ಹಸಿದು, ತಲೆನೋವು ಹತ್ತಿ, ಸಿಕ್ಕಿದ್ದನ್ನು ತಿನ್ನುತ್ತಾರೆ. ಇಲ್ಲವೇ ಹೆಸರುವಾಸಿ ಹೋಟೆಲ್ ಹುಡುಕಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಿ ಬರುವಷ್ಟರಲ್ಲಿ ಸಾಹೇಬರು ಮೀಟಿಂಗ್‌ಗೆ ಹೋಗಿರುತ್ತಾರೆ. ಎರಡನ್ನೂ ನಾನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಹಿಂದಿನ ರಾತ್ರಿ. ಕೆಲಸ ಎಲ್ಲಿ, ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಊಟದ ಜಾಗ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರಲಿ. ಆಟೊ ಹತ್ತಿ ಊಟಕ್ಕೆ ಹೋಗಬೇಡಿ. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಎರಡು ಕಿಲೋಮೀಟರಿಗೂ ಅರ್ಧ ಗಂಟೆ ಹಿಡಿಯಬಹುದು. ಮನಸ್ಸಿನಲ್ಲಿ ಯಾವುದಾದರೂ ಹೋಟೆಲ್ ಇದ್ದರೆ ಅದರ ವಾರದ ರಜೆ ನೋಡಿಕೊಳ್ಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ.

ಎರಡನೆಯದು ತಿಂಡಿ. ಕಾರಿನಲ್ಲಿ ಹೋಗುವವರು ಒಂದು ಮಾತು ನೆನಪಿಡಿ. 2023ರಲ್ಲಿ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್ ರಸ್ತೆ ಆದ ಮೇಲೆ ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲ ಬೈಪಾಸ್ ಆಗಿಬಿಟ್ಟಿವೆ. ಮದ್ದೂರು ವಡೆ, ಬಿಡದಿ ತಟ್ಟೆ ಇಡ್ಲಿ ತಿನ್ನುತ್ತೇವೆ ಅಂದರೆ ದೊಡ್ಡ ರಸ್ತೆ ಬಿಟ್ಟು ಇಳಿಯಬೇಕು. ಕೆಲಸದ ದಿನ ಅದು ಬೇಡ. ಮೈಸೂರಿನಲ್ಲೇ ತಿಂಡಿ ಮುಗಿಸಿ.

ಈಗ ಮಧ್ಯಾಹ್ನದ ಊಟ. ಎಲ್ಲರೂ ಎಡವುವುದು ಇಲ್ಲೇ.

ಹೊತ್ತು ಮೊದಲು ನೋಡಿ. ಆಫೀಸಿನವರು ಊಟಕ್ಕೆ ಏಳುವುದು ಒಂದೂವರೆ ಸುಮಾರಿಗೆ. ಆ ಹೊತ್ತಿಗೆ ಸುತ್ತಮುತ್ತಲಿನ ಹೋಟೆಲ್‌ಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ನೀವು ಹನ್ನೆರಡೂಕಾಲಿಗೇ ಊಟ ಮಾಡಿ. ಅನ್ನ ಆಗಷ್ಟೇ ಇಳಿದಿರುತ್ತದೆ, ಸಾಂಬಾರಿಗೆ ಇನ್ನೂ ನೀರು ಬೆರೆತಿರುವುದಿಲ್ಲ. ಸಾಹೇಬರು ಊಟ ಮುಗಿಸಿ ಕುರ್ಚಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಮೊದಲು ನಿಂತಿರುವವರು ನೀವೇ ಆಗಿರುತ್ತೀರಿ. ಬೆಳಿಗ್ಗೆಯೇ ಒಳಗೆ ಕರೆಯುತ್ತಾರೆ ಅಂತಿದ್ದರೆ ಬ್ಯಾಗಿನಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಳ್ಳಿ.

ಆಮೇಲೆ ಹೋಟೆಲ್ ಆರಿಸುವುದು. ಟೋಕನ್ ತೆಗೆದುಕೊಳ್ಳುವ ಮುಂಚೆ ದರ್ಶಿನಿಯ ಕೌಂಟರ್ ಪಕ್ಕ ಎರಡು ನಿಮಿಷ ಸುಮ್ನೆ ನಿಂತು ನೋಡಿ. ಚಟ್ನಿ ಪಾತ್ರೆ ಖಾಲಿಯಾದಾಗ ಹೊಸ ಪಾತ್ರೆ ಬರುತ್ತದೋ, ಹಳೆಯ ಚಟ್ನಿಯ ಮೇಲೇ ಹೊಸದು ಸುರಿಯುತ್ತಾರೋ? ಸುರಿದರೆ ಮುಂದಿನ ಹೋಟೆಲ್‌ಗೆ ನಡೆಯಿರಿ. ಪಾತ್ರೆಯ ಅಂಚಿನಲ್ಲಿ ಒಣಗಿ ಹಳದಿ ತಿರುಗಿದ ಕಾಯಿತುರಿ ಅಂಟಿದ್ದರೂ ಅಷ್ಟೇ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಏಳಬೇಕು. ತಿನ್ನುತ್ತಿರುವವರು ಯಾರು ಅಂತಲೂ ನೋಡಿ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು, ಕರಿಕೋಟಿನ ವಕೀಲರು, ಆಟೊದವರು ಇದ್ದರೆ ಧೈರ್ಯವಾಗಿ ಒಳಗೆ ಹೋಗಿ. ದಿನಾ ಅಲ್ಲೇ ಉಣ್ಣುವವರಿಗೆ ಕೆಟ್ಟದ್ದು ಕೊಟ್ಟು ಹೋಟೆಲ್ ನಡೆಸುವುದು ಕಷ್ಟ.

ಏನು ತಿನ್ನಬೇಕು? ಹನ್ನೆರಡರ ಮೇಲೆ ಖಾರಾಬಾತ್, ಪೊಂಗಲ್ ಬೇಡ, ಅವು ಬೆಳಗಿನವು. ಬಿಸಿಬೇಳೆಬಾತ್, ಚಪಾತಿ, ಅನ್ನ–ಸಾಂಬಾರು ಆಗ ಬಿಸಿ ಇರುತ್ತವೆ. ಎಲೆ ಊಟಕ್ಕೆ ಕೂತರೆ ಮುಕ್ಕಾಲು ಗಂಟೆ ಹೋಗುತ್ತದೆ, ಆಮೇಲೆ ನಿದ್ದೆಯೂ ಬರುತ್ತದೆ. ದುಡ್ಡು ಉಳಿಸಬೇಕಾದವರು ಇಂದಿರಾ ಕ್ಯಾಂಟೀನ್ ಮರೆಯಬೇಡಿ. 2017ರಲ್ಲಿ ಶುರುವಾದಾಗಲೇ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಬೇಗ ಹೋಗಿ, ಮುಗಿದುಹೋಗುತ್ತದೆ. ದೊಡ್ಡ ಸರ್ಕಾರಿ ಕಟ್ಟಡಗಳ ಒಳಗೂ ಕ್ಯಾಂಟೀನ್ ಇರುತ್ತದೆ, ಗೇಟಿನಲ್ಲಿರುವವರನ್ನು ಕೇಳಿ.

ಫೋನಿನಲ್ಲಿ ಸ್ಟಾರ್ ನೋಡಿ ಹೋಟೆಲ್ ಆರಿಸುವವರು ಜಾಸ್ತಿ ಆಗಿದ್ದಾರೆ. ನಾಲ್ಕೂವರೆ ಸ್ಟಾರ್ ಅಂದರೆ ಏನೂ ಅಲ್ಲ. ‘ಹೊಸದು ಮೊದಲು’ ಅಂತ ಮಾಡಿ, ಈ ತಿಂಗಳು ಜನ ಏನು ಬರೆದಿದ್ದಾರೆ ಓದಿ. ಹೋಟೆಲ್‌ನವರು ಹಾಕಿದ ಫೋಟೊ ಬಿಟ್ಟು ಗಿರಾಕಿಗಳು ತೆಗೆದ ಫೋಟೊ ನೋಡಿ. ಆಫೀಸಿಗೇ ತರಿಸಿಕೊಳ್ಳುವ ಆಸೆಯನ್ನೂ ಬಿಡಿ. ತರುವವರು ಗೇಟಿನ ಹೊರಗೆ ನಿಂತು ಫೋನ್ ಮಾಡುತ್ತಿರುತ್ತಾರೆ, ಒಳಗೆ ನಿಮ್ಮ ಹೆಸರು ಕೂಗುತ್ತಿರುತ್ತಾರೆ.

ನೆಂಟರ ಮನೆ ಊಟವೂ ಆ ದಿನಕ್ಕೆ ಬೇಡ. ಯಲಹಂಕದಲ್ಲಿರುವ ಭಾವ ‘ಬಂದೇ ಬಿಡಿ’ ಅಂದರೆ ‘ಕೆಲಸ ಮುಗಿದ ಮೇಲೆ ಫೋನ್ ಮಾಡ್ತೀನಿ’ ಅನ್ನಿ. ಪಂದಿಕರಿ, ಅಂದರೆ ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ, ಅದರದ್ದೂ ಅದೇ ಕಥೆ. ಬೆಂಗಳೂರಿನಲ್ಲಿ ಕೊಡಗಿನ ಅಡುಗೆಯ ಹೋಟೆಲ್‌ಗಳಿವೆ. ಆದರೆ ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿರಸದ ಬದಲು ವಿನಿಗರ್ ಸುರಿದು, ಮಸಾಲೆ ಸರಿಯಾಗಿ ಹುರಿಯದೆ ಮಾಡಿದ ಪಂದಿಕರಿಗೆ ನೂರಾರು ರೂಪಾಯಿ ಕೊಡಬೇಡಿ. ‘ಕಾಚಂಪುಳಿ ಯಾವ ಕಡೆಯಿಂದ ತರಿಸ್ತೀರಿ?’ ಅಂತ ಕೇಳಿ. ಊರ ಹೆಸರು ಹೇಳಿದರೆ ಕೂತುಕೊಳ್ಳಿ.

ಕೆಲಸ ನಾಲ್ಕಕ್ಕೇ ಮುಗಿಯಿತಾ? ಹೆಸರುವಾಸಿ ಹೋಟೆಲ್‌ಗೆ ಹೊತ್ತು ಈಗ. ವಿಧಾನಸೌಧದ ಹತ್ತಿರ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆ ದಪ್ಪ, ಹೊರಗೆ ಗರಿಗರಿ, ಮೇಲೆ ತುಪ್ಪದ ಘಮ. ಕಾಯಬೇಕು, ಆದರೆ ಈಗ ಕಾಯಬಹುದು ಅಲ್ವಾ. ಕಾಫಿ ಹೇಳುವಾಗ ‘ಸ್ಟ್ರಾಂಗ್, ಸಕ್ಕರೆ ಬೇರೆ’ ಅನ್ನಿ. ಚಿಕೋರಿ ಬೆರೆಸಿದ ಡಿಕಾಕ್ಷನ್‌ಗೆ ಸಕ್ಕರೆಯೂ ಸೇರಿದರೆ ನಮ್ಮ ತೋಟದವರ ನಾಲಿಗೆಗೆ ಆಗುವುದಿಲ್ಲ.

ಕೊನೆಗೆ ರಾತ್ರಿ. ಬಸ್ಸಿಗೆ ಎರಡು ಗಂಟೆ ಮುಂಚೆ ಇಡ್ಲಿ ಅಥವಾ ಮೊಸರನ್ನ ಅಷ್ಟೇ. ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ ಮುಟ್ಟಬೇಡಿ. ಕೃತಕ ಬಣ್ಣ ಸಿಕ್ಕಿತೆಂದೇ 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಈಗಲೂ ಕಡುಗೆಂಪು ಕಂಡರೆ ದೂರ ಇರಿ. ಕುಶಾಲನಗರ ದಾಟಿ ಸುಂಟಿಕೊಪ್ಪದ ತಿರುವುಗಳು ಶುರುವಾದಾಗ ಎಣ್ಣೆಯದೆಲ್ಲ ಗಂಟಲಿಗೆ ಬರುತ್ತದೆ. ಹೊಟ್ಟೆ ಸೂಕ್ಷ್ಮ ಇರುವವರು ಮುಂದಿನ ಸೀಟು ಕೇಳಿ ಬುಕ್ ಮಾಡಿಸಿ.