ಅಡಿಕೆ ಹಾಳೆ, ಕರಟ, ಒಂದು ಬೋಗುಣಿ ನೀರು

ಶಿವಮೊಗ್ಗದಲ್ಲಿ ನಮ್ಮದು ಬಾಡಿಗೆ ಮನೆ. ಬಾಗಿಲ ಮುಂದೆ 8 ಅಡಿ ಅಗಲ, 15 ಅಡಿ ಉದ್ದದ ಜಾಗ. ಅರ್ಧ ಸಿಮೆಂಟು, ಅರ್ಧ ಮಣ್ಣು, ಮೂಲೆಯಲ್ಲಿ ಒಂದು ಪೇರಲೆ ಗಿಡ. ಮಗಳಿಗೆ 5 ವರ್ಷ, ಮಗನಿಗೆ 3. ಒಂದು ವರ್ಷದಿಂದ ದಿನಾ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಇಬ್ಬರೂ ಇಲ್ಲೇ ಆಡುತ್ತಾರೆ.

ಶುರುವಾಗಿದ್ದು ಅಡಿಕೆ ಹಾಳೆಯಿಂದ. ಅತ್ತೆ ಊರಿನ ತೋಟದಿಂದ ಬರುವಾಗ ಮಕ್ಕಳಿಗೆ ಅಂತ ಸೋಗೆ ಸಮೇತ ನಾಲ್ಕು ಹಾಳೆ ತಂದಿದ್ದರು. ಅಗಲವಾದ ಹಾಳೆಯ ಮೇಲೆ ಒಬ್ಬರು ಕೂರಬೇಕು, ಇನ್ನೊಬ್ಬರು ಸೋಗೆಯ ದಂಟು ಹಿಡಿದು ಎಳೆಯಬೇಕು. ಮಲೆನಾಡಿನಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಮಗಳು ತಮ್ಮನನ್ನು ಗೇಟಿನವರೆಗೆ ಎಳೆದುಕೊಂಡು ಹೋದಳು. ಆಮೇಲೆ ಅವನು ಅಕ್ಕನನ್ನು ಎಳೆಯಲು ಹೋದ. ಹಾಳೆ ಜಗ್ಗಲಿಲ್ಲ. ಅತ್ತ.

ನಾನು ಆ ವಾರ ಒಂದು ತಪ್ಪು ಮಾಡಿದೆ. ಆಟ ಕಲಿಸಲು ಹೋದೆ. ಸಿಮೆಂಟಿನ ಮೇಲೆ ಕುಂಟೆಬಿಲ್ಲೆ ಮನೆ ಬರೆದೆ, ನಿಯಮ ಹೇಳಿದೆ, ಸರದಿ ಹಾಕಿದೆ. ಮಗಳು ಹೇಗೋ ಆಡಿದಳು. ಮಗ ಗೆರೆ ತುಳಿದು ಓಡಿಹೋದ. ಮೂರು ವರ್ಷದ ಮಗುವಿಗೆ ಒಂಟಿ ಕಾಲಲ್ಲಿ ಕುಂಟುವುದು ಕಷ್ಟ. ಬಹಳ ಮಕ್ಕಳಿಗೆ ಅದು ಬರುವುದು ನಾಲ್ಕರ ಆಸುಪಾಸಿಗೆ. ನನಗೆ ಅದು ಹೊಳೆದಿರಲಿಲ್ಲ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ, 'ಬಿಡೇ, ಅವೇ ಆಡ್ಕೊಳ್ತವೆ. ನೀನು ಸುಮ್ನೆ ಇಲ್ಲಿ ಕೂತ್ಕೋ' ಅಂದರು. ಅವತ್ತಿನಿಂದ ನನ್ನ ಕೆಲಸ ಸಾಮಾನು ಹೊರಗೆ ಇಡುವುದು, ಹತ್ತಿರ ಕೂರುವುದು, ಅಷ್ಟೇ. ಕುಂಟೆಬಿಲ್ಲೆ ಮನೆಯಲ್ಲಿ ಅವನು ಜೋಡುಗಾಲಲ್ಲಿ ಹಾರುತ್ತಾನೆ. ಅವನ ಆಟಕ್ಕೆ ಅದೇ ನಿಯಮ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಡೆಯುವುದು ಮಣ್ಣಿನ ಅಡುಗೆ. ಅದಕ್ಕೆ ಕೊಟ್ಟಿರುವುದು ಸೊಟ್ಟಗಾದ ಒಂದು ಅಲ್ಯೂಮಿನಿಯಂ ಪಾತ್ರೆ, ಹಳೇ ಸೌಟು, ಹಿಟ್ಟಿನ ಜರಡಿ, ಆರು ಕರಟ, ಒಂದು ಬೋಗುಣಿ ನೀರು. ಒಮ್ಮೆ ಆಸೆಪಟ್ಟು ಬಣ್ಣಬಣ್ಣದ ಪ್ಲಾಸ್ಟಿಕ್ ಅಡುಗೆ ಸೆಟ್ ತಂದಿದ್ದೆ. ವಾರ ಕಳೆಯುವಷ್ಟರಲ್ಲಿ ಅದು ಮೂಲೆ ಸೇರಿತು. ಆ ಪುಟ್ಟ ಸೌಟಿನಲ್ಲಿ ಮಣ್ಣು ತೋಡಲು ಆಗುವುದಿಲ್ಲ ಅಲ್ವಾ! ಜರಡಿಯಲ್ಲಿ ಮಣ್ಣು ಆಡಿಸಿದರೆ ಕಲ್ಲು ಮೇಲೆ ಉಳಿಯುತ್ತದೆ, ನಯವಾದದ್ದು ಕೆಳಗೆ ಬೀಳುತ್ತದೆ. ಇದನ್ನು ಮಗ ಅರ್ಧ ಗಂಟೆ ಮಾಡುತ್ತಾನೆ. ಮಗಳು ಮಣ್ಣಿನ ಅಕ್ಕಿರೊಟ್ಟಿ ತಟ್ಟುತ್ತಾಳೆ. ಒಂದು ದಿನ ರೊಟ್ಟಿಯ ಅಂಚು ಬಿರಿಯಿತು. ಸ್ವಲ್ಪ ಹೊತ್ತು ನೋಡಿ, 'ಅಮ್ಮಾ, ನೀರು ಕಡ್ಮೆ ಆಯ್ತು' ಅಂದಳು. ಒಳಗೆ ಅತ್ತೆ ಹಿಟ್ಟು ಕಲಸುವುದನ್ನು ನೋಡಿದ್ದು ಅಲ್ಲಿ ನೆನಪಾಗಿತ್ತು.

ನೀರಿನ ವಿಷಯದಲ್ಲಿ ನನಗೆ ಆದದ್ದನ್ನು ಹೇಳಲೇಬೇಕು. ಮೊದಲು ಬಕೆಟ್ ತುಂಬಿಸಿ ಇಡುತ್ತಿದ್ದೆ. ಒಂದು ಸಂಜೆ ಹಾಲು ಉಕ್ಕುವ ಸದ್ದು ಕೇಳಿ ಒಳಗೆ ಹೋಗಿ ಬಂದೆ, ಒಂದೇ ನಿಮಿಷ. ಅಷ್ಟರಲ್ಲಿ ಮಗ ಬಕೆಟ್ಟಿನೊಳಗೆ ತಲೆ ತೂರಿಸಿ ಬಗ್ಗಿದ್ದ, ಕಾಲು ನೆಲ ಬಿಟ್ಟಿತ್ತು. ಎಳೆದುಕೊಂಡೆ. ಏನೂ ಆಗಲಿಲ್ಲ, ಆದರೆ ರಾತ್ರಿಯವರೆಗೂ ನನ್ನ ಕೈ ನಡುಗುತ್ತಿತ್ತು. ಪುಟ್ಟ ಮಕ್ಕಳ ತಲೆ ಭಾರ, ಬಗ್ಗಿದರೆ ತಾವಾಗಿ ಮೇಲೇಳಲು ಆಗುವುದಿಲ್ಲ. ಮುಳುಗಲು ಕೆಲವೇ ಇಂಚು ನೀರು ಸಾಕು. ಈಗ ಬಕೆಟ್ ಹೊರಗೆ ಬರುವುದಿಲ್ಲ. ಬೋಗುಣಿಯಲ್ಲಿ ಎರಡು ಇಂಚು ನೀರು, ಅದೂ ನಾನೋ ಅತ್ತೆಯೋ ಕೈಗೆಟಕುವ ದೂರದಲ್ಲಿ ಕೂತಿದ್ದರೆ ಮಾತ್ರ. ಆಟ ಮುಗಿದ ತಕ್ಷಣ ಬೋಗುಣಿ, ಕರಟ ಎಲ್ಲ ಬೋರಲು. ನಿಂತ ನೀರಲ್ಲಿ ಒಂದೂವರೆ ವಾರದೊಳಗೆ ಡೆಂಗಿ ಸೊಳ್ಳೆ ಮರಿಯಾಗಿ ಹಾರಬಲ್ಲದು. ಅದು ಕಚ್ಚುವುದೂ ಹೆಚ್ಚಾಗಿ ಹಗಲಿನಲ್ಲಿ.

ಇನ್ನೊಂದು ಮಾತು. ನಮ್ಮ ಕಾಂಪೌಂಡ್ ಪಕ್ಕ ಪೂಜೆಗೆ ಅಂತ ಬೆಳೆಸಿದ ಕಣಗಿಲೆ ಇತ್ತು. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಕೈಗೆ ಸಿಕ್ಕ ಎಲೆಯನ್ನೆಲ್ಲ 'ಸಾರಿಗೆ' ಹಾಕುವ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಮನೆ ಮಾಲೀಕರನ್ನು ಕೇಳಿ ಕೀಳಿಸಿ ದಾಸವಾಳ ನೆಟ್ಟೆವು. ಹರಳು ಬೀಜ, ಗುಲಗಂಜಿ ಕೂಡ ಮಕ್ಕಳ ಕೈಗೆ ಸಿಗಬಾರದು. ಮಣ್ಣಲ್ಲಿ ಆಡಿದರೆ ಹುಳದ ತೊಂದರೆ ಅಂತ ಕೆಲವರು ಹೆದರುತ್ತಾರೆ. ಉಗುರು ಕತ್ತರಿಸಿ, ಸೋಪು ಹಾಕಿ ಕೈ ತೊಳೆಸುತ್ತೇನೆ. ಜಂತುಹುಳು ನಿವಾರಣಾ ದಿನವಾದ ಫೆಬ್ರವರಿ 10ಕ್ಕೆ ಅಂಗನವಾಡಿಯಲ್ಲಿ ಮಾತ್ರೆ ಕೊಡುತ್ತಾರೆ, ಅದನ್ನು ತಪ್ಪಿಸುವುದಿಲ್ಲ.

ಬೇರೆ ಆಟಗಳೂ ಇವೆ. ಹಳೇ ಪೇಂಟ್ ಬ್ರಷ್ಷು ನೀರಲ್ಲಿ ಅದ್ದಿ ಕಾಂಪೌಂಡ್ ಗೋಡೆಗೆ 'ಬಣ್ಣ' ಬಳಿಯುವುದು, ಬಿಸಿಲಿಗೆ ಅದು ಒಣಗಿದ ಮೇಲೆ ಮತ್ತೆ ಬಳಿಯುವುದು. ಏಳು ಕಲ್ಲಿನ ಬದಲು ಮೂರು ಕರಟ ಪೇರಿಸಿ, ಸಾಕ್ಸಿನ ಉಂಡೆಯಿಂದ ಲಗೋರಿ. ಮಳೆಗಾಲದಲ್ಲಿ ಸೂರಿನ ನೀರಿಗೆ ಕಾಗದದ ದೋಣಿ. ಗುಡುಗು ಕೇಳಿದರೆ ಮಾತ್ರ ಎಲ್ಲರೂ ಒಳಗೆ.

3ರಿಂದ 4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಚುರುಕಾಗಿ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಓದಿದಾಗ ಇಷ್ಟು ಹೊತ್ತು ಏನು ಆಡಿಸಲಿ ಅಂತ ಗಾಬರಿಯಾಗಿತ್ತು. ಬೆಳಗ್ಗೆ ಅಂಗನವಾಡಿಯಲ್ಲಿ ಓಡಾಡುವುದು, ಸಂಜೆಯ ಈ ಒಂದೂವರೆ ಗಂಟೆ, ಮನೆಯೊಳಗಿನ ಕುಣಿತ ಎಲ್ಲ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ.

ಕಳೆದ ಭಾನುವಾರ ಗೋಡೆಗೆ ಬಳಿದ ನೀರು ಸಿಮೆಂಟಿನ ಮೇಲೆ ಹರಿದಿತ್ತು. ಮಗಳು ಹಾಳೆಯ ಮೇಲೆ ಕೂತಿದ್ದಳು. ಮಗ ದಂಟು ಹಿಡಿದು ಜಗ್ಗಿದ. ಹಾಳೆ ಒಂಚೂರು ಜಾರಿತು. ಅವನು ನಿಂತ, ನೆಲ ನೋಡಿದ, ಬೋಗುಣಿಯ ನೀರನ್ನೆಲ್ಲ ತಂದು ಹಾಳೆಯ ಮುಂದೆ ಸುರಿದ. ಮತ್ತೆ ಎಳೆದ. ಅಕ್ಕ ಎರಡು ಅಡಿ ಮುಂದೆ ಬಂದಳು. ನಾನು ಎದ್ದು ಹೋಗಿ ಎತ್ತಿಕೊಳ್ಳಬೇಕು ಅನಿಸಿತು, ಕೂತೇ ಇದ್ದೆ. ಅವರು ಕತ್ತಲಾಗುವವರೆಗೂ ಎಳೆದಾಡಿದರು. ಹಾಳೆ ಹರಿದುಹೋಗಿದೆ. ಈ ವಾರ ಊರಿಂದ ಬೇರೆ ತರಿಸಬೇಕು.